ಸಹಿ ಯಾರದು?

ಊರು ಬಿಟ್ಟು ಮುಂಬಯಿ ಸೇರುವವನ ಟ್ರಂಕಿನಲ್ಲಿ ಹಿಂದೆಲ್ಲ ಒಂದು ಪರಿಚಯ ಪತ್ರ ಇದ್ದೇ ಇರುತ್ತಿತ್ತು. ‘ಈತ ನಮ್ಮವ, ನಂಬಬಹುದು’ ಎಂದು ಊರಿನ ಹಿರಿಯರೊಬ್ಬರು ಬರೆದುಕೊಟ್ಟದ್ದು. ಅದನ್ನು ಕೈಗೆತ್ತಿಕೊಂಡವರು ಒಕ್ಕಣೆಗಿಂತ ಮೊದಲು ನೋಡುತ್ತಿದ್ದುದು ಕೆಳಗಿನ ಸಹಿಯನ್ನು. ಕೈಬರಹ ಗೊತ್ತಿದ್ದರೆ ಸರಿ. ಇಲ್ಲವಾದರೆ ಗೊತ್ತಿದ್ದವರನ್ನು ಕೇಳಬೇಕು.

ಈಗ ನಾವು ಹೊಟ್ಟೆಪಾಡಿಗೆ ಮಾಡುತ್ತಿರುವುದೂ ಇದೇ ಕೆಲಸವೆಂದರೆ ಮನೆಯಲ್ಲಿ ನಗುತ್ತಾರೆ. ನಾವು ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವವರು. ಇಂದು ಎಷ್ಟೋ ಕಾಗದಪತ್ರಗಳು ಡಿಜಿಟಲ್ ಸಹಿ ಹೊತ್ತೇ ಬರುತ್ತವೆ. ಸಹಿಯ ಜೊತೆಗೆ ಒಂದು ಸರ್ಟಿಫಿಕೇಟು. ‘ಈ ಸಹಿಯ ಕೀಲಿ ಇಂಥವರದು’ ಎಂದು ಪ್ರಾಧಿಕಾರವೊಂದು ಕೊಟ್ಟ ಪರಿಚಯ ಪತ್ರ. ಅದು ನಿಜವಾಗಿ ಆ ಪ್ರಾಧಿಕಾರದಿಂದಲೇ ಬಂತೇ ಎಂದು ನೋಡುವುದು ಪ್ರೋಗ್ರಾಮಿನ ಹೊಣೆ.

ಕೆಲವು ವರ್ಷಗಳ ಹಿಂದೆ ಒಂದು ಕಚೇರಿಯ ಪ್ರೋಗ್ರಾಂ ನಮ್ಮ ಕೈಗೆ ಬಂತು. ಅದರಲ್ಲಿ ತಪಾಸಣೆ ಒಂದೇ ಸಾಲು: ‘ಕೊಟ್ಟವರು’ ಎಂಬಲ್ಲಿ ಸರಿಯಾದ ಹೆಸರಿದ್ದರೆ ಒಳಗೆ ಬಿಡು! ಹೆಸರು ಬರೆದುಕೊಳ್ಳಲು ಯಾರ ಅಪ್ಪಣೆ ಬೇಕು? ಪರೀಕ್ಷೆಗೆಂದು, ಓಪನ್ ಎಸ್.ಎಸ್.ಎಲ್. ಎಂಬ ಪುಕ್ಕಟೆ ಸಾಧನ ಹಿಡಿದು, ಅದೇ ಹೆಸರಿನ ಸರ್ಟಿಫಿಕೇಟನ್ನು ನಾವೇ ತಯಾರಿಸಿದೆವು. ಕಾಫಿ ಆರುವುದರೊಳಗೆ ಮುಗಿದ ಕೆಲಸ. ಪ್ರೋಗ್ರಾಂ ಅದನ್ನು ಕೈಮುಗಿದು ಬರಮಾಡಿಕೊಂಡಿತು. ಮೇಲಧಿಕಾರಿಗಳಿಗೆ ತೋರಿಸಿದರೆ, “ಇಷ್ಟು ದಿನ ಏನೂ ಆಗಿಲ್ಲವಲ್ಲ ಸ್ವಾಮಿ!” ಎಂದರು. ಆ ಕಡತಗಳ ಹಿಂದೆ ವಯಸ್ಸಾದವರ ಪಿಂಚಣಿಯಿತ್ತು. ನಾವು ಹಟ ಬಿಡಲಿಲ್ಲ.

ಸರಿಯಾದ ಕ್ರಮ ವಂಶಾವಳಿ ನೋಡಿದಂತೆ. ಸರ್ಟಿಫಿಕೇಟಿನ ಮೇಲಿನ ಸಹಿಯನ್ನು, ಕೊಟ್ಟವರ ಬಹಿರಂಗ ಕೀಲಿ ಹಿಡಿದು ಲೆಕ್ಕ ಹಾಕಿ ತಾಳೆ ನೋಡಬೇಕು. ಒಳಗೆ ಒಂದಕ್ಷರ ಬದಲಾಗಿದ್ದರೂ ತಾಳೆಯಾಗದು. ಆಮೇಲೆ, ಕೊಟ್ಟವರಿಗೆ ಕೊಟ್ಟವರು ಯಾರು? ಹೀಗೆ ಮೇಲೇರುತ್ತ ಹೋದರೆ ಕೊನೆಗೆ ಸಿಗುವುದು ಮೂಲ ಸರ್ಟಿಫಿಕೇಟು. ನಮ್ಮ ದೇಶದಲ್ಲಿ ಅದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಂತೆ ನೇಮಕಗೊಂಡ ನಿಯಂತ್ರಕರದು. ಅದಕ್ಕೆ ಮೇಲಿನವರಿಲ್ಲ, ತನ್ನ ಸಹಿಯನ್ನು ತಾನೇ ಹಾಕಿಕೊಂಡಿರುತ್ತದೆ. ಆದ್ದರಿಂದ ಅದನ್ನು ಬಂದ ಕಡತದಿಂದಲೇ ಎತ್ತಿಕೊಳ್ಳುವಂತಿಲ್ಲ. ನಂಬಿಕೆಯ ಬೇರೆ ದಾರಿಯಿಂದ ಮೊದಲೇ ತರಿಸಿ ಇಟ್ಟುಕೊಂಡಿರಬೇಕು. ಅವಧಿ ಮುಗಿದಿದೆಯೇ, ನಡುವೆ ಇರುವವನಿಗೆ ಇತರರಿಗೆ ಸರ್ಟಿಫಿಕೇಟು ಕೊಡುವ ಅಧಿಕಾರವಿದೆಯೇ ಎಂಬುದನ್ನೂ ನೋಡಬೇಕು. ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಈ ಕೊನೆಯದನ್ನೇ ನೋಡುತ್ತಿರಲಿಲ್ಲವೆಂಬುದು 2002ರಲ್ಲಿ ಬಯಲಾಯಿತು. ಸಾಮಾನ್ಯ ಸರ್ಟಿಫಿಕೇಟು ಇದ್ದವನೂ ಬೇರೆ ಯಾರ ತಾಣದ ಹೆಸರಿಗಾದರೂ ಇನ್ನೊಂದು ಬರೆದುಕೊಳ್ಳಬಹುದಾಗಿತ್ತು!

ಇಷ್ಟು ಮಾಡಿದರೂ ಸಾಲದು. ನಮ್ಮಲ್ಲಿಯ ಎನ್.ಐ.ಸಿ. ಪ್ರಾಧಿಕಾರದಿಂದ ಗೂಗಲ್ ಹೆಸರಿನ ಸರ್ಟಿಫಿಕೇಟುಗಳು ಗೂಗಲ್‌ಗೇ ಗೊತ್ತಿಲ್ಲದಂತೆ ಹೊರಟದ್ದು 2014ರ ಜುಲೈಯಲ್ಲಿ ಪತ್ತೆಯಾಯಿತು. ಸಹಿ ಅಸಲಿ, ವಂಶಾವಳಿ ಸರಿ, ಮಾತು ಮಾತ್ರ ಸುಳ್ಳು. ನಿಯಂತ್ರಕರು ನಡುವಿನ ಸರ್ಟಿಫಿಕೇಟುಗಳನ್ನು ರದ್ದು ಮಾಡಿದರು. ರದ್ದಾದವುಗಳ ಪಟ್ಟಿಯನ್ನು ತೆರೆದು ನೋಡದ ಪ್ರೋಗ್ರಾಮಿಗೆ ಇಂಥ ಸುದ್ದಿ ಮುಟ್ಟುವುದಾದರೂ ಹೇಗೆ?

ಆ ಕಚೇರಿಯ ಪ್ರೋಗ್ರಾಂ ಈಗ ಇಷ್ಟನ್ನೂ ನೋಡುತ್ತದೆ. ‘ಮೊದಲು ಬೇಗ ಆಗುತ್ತಿತ್ತು’ ಎಂಬ ಗೊಣಗಾಟ ಆಗಾಗ ಕೇಳಿಬರುವುದುಂಟು. ಅರ್ಧ ಕ್ಷಣ ತಡವಾದರೆ ಆಗಲಿ; ತಿಂಗಳಿಡೀ ಪಿಂಚಣಿಗೆ ಕಾದವರಿಗೆ ಅರ್ಧ ಕ್ಷಣ ಹೆಚ್ಚೇನಲ್ಲ.