ಗೋಡೌನಿಗೆ ಎರಡನೇ ಬಾಗಿಲು

ನಮ್ಮ ಯಸಳೂರು ಕಡೆ ಆರಿದ್ರಾ ಮಳೆ ಹಿಡಿಯಿತೆಂದರೆ ಮಕ್ಕಳ ಪಾಲಿಗೆ ಮೈದಾನವೇ ಇಲ್ಲ. ಶಾಲೆಗೆ ರಜೆ ಕೊಟ್ಟರೂ ಅಂಗಳಕ್ಕೆ ಇಳಿಯುವಂತಿಲ್ಲ. ಹುಲ್ಲಿನಲ್ಲಿ ಇಂಬಳ ಕಾದು ಕೂತಿರುತ್ತದೆ. ಪುನರ್ವಸು, ಪುಷ್ಯ, ಆಶ್ಲೇಷ ಎಲ್ಲ ಮುಗಿಯುವವರೆಗೂ ಇದೇ ಪಾಡು. ಹಾಗಾಗಿ ಈ ಬೇಸಿಗೆಯಲ್ಲಿ ಪಕ್ಕದ ತೋಟದ ಹುಡುಗ ಬಂದು, "ದೊಡ್ಡಪ್ಪ, ನಿಮ್ಮ ಹಳೇ ಕಾಫಿ ಗೋಡೌನ್ ಬಾಡಿಗೆಗೆ ಕೊಡ್ತೀರಾ? ಮಕ್ಕಳು ಗೋಡೆ ಹತ್ತೋ ಆಟ ಶುರು ಮಾಡ್ತೀನಿ" ಎಂದಾಗ ನನಗಿಂತ ಮೊದಲು ಒಪ್ಪಿದವಳು ಏಳನೇ ಕ್ಲಾಸಿನ ಮೊಮ್ಮಗಳು.

ಆಟ ಹೀಗಿದೆ: ಎತ್ತರದ ಗೋಡೆಗೆ ಬಣ್ಣಬಣ್ಣದ ಹಿಡಿಕೆಗಳನ್ನು ಬಿಗಿದಿರುತ್ತಾರೆ. ಸೊಂಟಕ್ಕೆ ಪಟ್ಟಿ, ಪಟ್ಟಿಗೆ ಹಗ್ಗ. ಕೈಕಾಲು ಎಲ್ಲಿಡಬೇಕೆಂದು ಯೋಚಿಸುತ್ತಾ ಮೇಲೆ ಹೋಗಬೇಕು. ಜಾರಿದರೆ ಕೆಳಗಿರುವವರು ಹಗ್ಗ ಬಿಗಿಹಿಡಿಯುತ್ತಾರೆ. ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಇದಕ್ಕೂ ಮೊದಲ ಬಾರಿಗೆ ಪದಕ ಕೊಟ್ಟರಂತೆ.

ಪಂಚಾಯಿತಿಗೆ ಅರ್ಜಿ ಹಾಕಿದೆವು. ಸಭೆಯಲ್ಲಿ ಓದಿದಾಗ ಎಲ್ಲರೂ ನಕ್ಕರಂತೆ. "ಮೆಣಸು ಕುಯ್ಯೋಕೆ ಸಿಲ್ವರ್ ಮರ ಹತ್ತೋರಿಗೆ ನಾವು ಕೂಲಿ ಕೊಡ್ತೀವಿ. ಇಲ್ಲಿ ಹತ್ತೋರೇ ದುಡ್ಡು ಕೊಡ್ಬೇಕಾ?" ಎಂದು ಒಬ್ಬ ಸದಸ್ಯರು. "ಚಿತ್ರದುರ್ಗದ ಕೋತಿರಾಜ್ ಕೋಟೆಗೋಡೆಯನ್ನೇ ಹತ್ತುತ್ತಾರೆ, ಅವರು ಯಾರ ಹತ್ರ ಲೈಸೆನ್ಸ್ ತಗೊಂಡ್ರು?" ಎಂದು ಇನ್ನೊಬ್ಬರು. ಹೋಟೆಲು, ಹಿಟ್ಟಿನ ಗಿರಣಿ, ಸಾ ಮಿಲ್ಲು ಎಂದರೆ ಎಲ್ಲರಿಗೂ ಗೊತ್ತು. ಗೋಡೆ ಹತ್ತುವುದನ್ನು ಯಾವುದರ ಜೊತೆ ಸೇರಿಸುವುದು? ಕೊನೆಗೆ 'ಇತರೆ' ಎಂದು ಬರೆದುಕೊಂಡರು.

ಅಲ್ಲಿಗೆ ಮುಗಿಯಿತೆಂದು ನಾನಂದುಕೊಂಡೆ. "ಜಾಗ ಯಾವುದು?" ಎಂದು ಪಿಡಿಒ ಕೇಳಿದರು. ಕಾಫಿ ತೋಟದ ಜಮೀನು. 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನ ಪ್ರಕಾರ ಬೇಸಾಯದ ಜಮೀನಿನಲ್ಲಿ ಬೇಸಾಯಕ್ಕೆ ಬೇಕಾದ ಕಟ್ಟಡ ಕಟ್ಟಿಕೊಳ್ಳಬಹುದು. ಆದರೆ ಅದನ್ನೇ ಬೇರೆ ಕೆಲಸಕ್ಕೆ ಬಳಸುವುದಾದರೆ ಜಿಲ್ಲಾಧಿಕಾರಿಗಳ ಅನುಮತಿ ಬೇಕು. ಮೊಮ್ಮಗಳಿಗೆ ಇದು ಅರ್ಥವಾಗಲಿಲ್ಲ. "ಅದೇ ಗೋಡೆ, ಅದೇ ಹಂಚು. ಒಳಗೆ ಕಾಫಿ ಬದಲು ನಾವಿರ್ತೀವಿ, ಅಷ್ಟೇ ಅಲ್ವಾ ತಾತ?" ಬೆಂಗಳೂರಿನಂಥ ಊರಿನ ನಕ್ಷೆಯಲ್ಲಿ ಮನೆಗಳ ಜಾಗಕ್ಕೆ ಹಳದಿ, ಅಂಗಡಿಗಳಿಗೆ ನೀಲಿ, ಕಾರ್ಖಾನೆಗಳಿಗೆ ನೇರಳೆ ಬಣ್ಣ ಬಳಿದಿರುತ್ತಾರೆ, ಯಾವ ಬಣ್ಣದಲ್ಲಿ ಏನು ಮಾಡಬಹುದೆಂದು ಅದರಿಂದ ಗೊತ್ತಾಗುತ್ತದೆ ಎಂದು ವಿವರಿಸಿದೆ. ನಮ್ಮದಕ್ಕೆ ಯಾವ ಬಣ್ಣ ಎಂದಳು. ಕಾಫಿ ಬಣ್ಣ ಎಂದೆ.

ಆಮೇಲೆ ಕಟ್ಟಡ ನೋಡಲು ಎಂಜಿನಿಯರ್ ಬಂದರು. ಚಿಕ್ಕ ವಯಸ್ಸಿನವರು. ಒಳಗೆ ಒಂದು ಸುತ್ತು ಹಾಕಿ ಕೇಳಿದ್ದು ಒಂದೇ ಪ್ರಶ್ನೆ: "ಕರೆಂಟ್ ಹೋಗಿ ಒಳಗೆ ಹೊಗೆ ತುಂಬಿದ್ರೆ, ಈ ಬಾಗಿಲಲ್ಲೇ ಜನ ಸಿಕ್ಕಿಕೊಂಡ್ರೆ, ಮಕ್ಕಳು ಎಲ್ಲಿಂದ ಹೊರಗೆ ಬರ್ತಾರೆ ಸರ್?"

ಗೋಡೌನಿಗೆ ಇರುವುದು ಒಂದೇ ಬಾಗಿಲು. 1974ರಲ್ಲಿ ಅಪ್ಪ ಬೇಕೆಂದೇ ಹಾಗೆ ಕಟ್ಟಿಸಿದ್ದರು. ಕಿಟಕಿಗಳು ತಲೆಗಿಂತ ಮೇಲೆ, ಅವಕ್ಕೂ ಕಬ್ಬಿಣದ ಸರಳು. ಚೆರಿ, ಮೆಣಸು ಕದಿಯಲು ಬರುವವನಿಗೆ ದಾರಿ ಎಷ್ಟು ಕಮ್ಮಿಯಿದ್ದರೆ ಅಷ್ಟು ಒಳ್ಳೆಯದು ಎಂಬುದು ಅವರ ಲೆಕ್ಕ. ಹಿಂದಿನ ಗೋಡೆಯನ್ನಂತೂ ತಾವೇ ನಿಂತು ಕಲ್ಲು ಆರಿಸಿ ಕಟ್ಟಿಸಿದ್ದರು. ಅದನ್ನು ಒಡೆದು ಬಾಗಿಲಿಡಬೇಕು ಎಂದಾಗ ನನಗೆ ಸಿಟ್ಟೇ ಬಂತು. ಬಾಡಿಗೆಯೂ ಬೇಡ, ಆಟವೂ ಬೇಡ ಎಂದು ಮನೆಗೆ ಬಂದುಬಿಟ್ಟೆ. ಮೊಮ್ಮಗಳು ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೇ ರಾತ್ರಿ ನಿದ್ದೆ ಬಾರದೆ ಮಲಗಿದ್ದಾಗ ವೀನಸ್ ಸರ್ಕಸ್ ನೆನಪಾಯಿತು. 1981ರ ಫೆಬ್ರುವರಿ 7. ಆಗ ನಾನು ಬೆಂಗಳೂರಿನಲ್ಲಿ ಓದುತ್ತಿದ್ದೆ. ಸರ್ಕಸ್ಸಿನ ಗುಡಾರಕ್ಕೆ ಬೆಂಕಿ ಬಿತ್ತು. ಬೆಂಕಿಗೂ ನೂಕುನುಗ್ಗಲಿಗೂ ಸಿಕ್ಕಿ 90ಕ್ಕೂ ಹೆಚ್ಚು ಜನ ಸತ್ತರು. ಬಹುಪಾಲು ಮಕ್ಕಳು. ಮರುದಿನ ನಮ್ಮ ಬೀದಿಯಲ್ಲಿ ಯಾರೂ ಜೋರಾಗಿ ಮಾತಾಡಲಿಲ್ಲ. ನಾವಿದ್ದ ರೂಮಿನ ಎದುರು ಮನೆಯ ತಾಯಿ, ಸರ್ಕಸ್ಸಿಗೇ ಹೋಗದಿದ್ದ ತನ್ನ ಮಗನನ್ನು ಇಡೀ ದಿನ ಕೈ ಬಿಡದೆ ಹಿಡಿದುಕೊಂಡೇ ಓಡಾಡುತ್ತಿದ್ದಳು. ಅದೆಲ್ಲ ಹಳೇ ಕಾಲದ ಕಥೆ ಅನ್ನುವಂತೆಯೂ ಇಲ್ಲ. 2024ರ ಮೇ 25ರಂದು ಗುಜರಾತಿನ ರಾಜ್‌ಕೋಟ್‌ನಲ್ಲಿ ಮಕ್ಕಳ ಆಟಗಳ ಒಂದು ದೊಡ್ಡ ಶೆಡ್ಡು ಹೊತ್ತಿ ಉರಿಯಿತು. ಅದಕ್ಕೆ ಅಗ್ನಿಶಾಮಕ ಇಲಾಖೆಯ ಒಪ್ಪಿಗೆ ಪತ್ರವೇ ಇರಲಿಲ್ಲ.

ಬೆಳಿಗ್ಗೆ ಎದ್ದವನೇ ಗಾರೆ ಮೇಸ್ತ್ರಿಗೆ ಫೋನ್ ಮಾಡಿದೆ. "ಒನಕೆ ಓಬವ್ವನ ಕಿಂಡಿಯಷ್ಟು ಸಾಕಾ ಗೌಡ್ರೇ?" ಎಂದು ಅವನು ತಮಾಷೆ ಮಾಡಿದ. ಅಗಲವಾಗಿಯೇ ಇರಲಿ, ತಳ್ಳಿದರೆ ಹೊರಗಡೆಗೆ ತೆರೆಯಬೇಕು ಎಂದೆ. ಒಳಗಡೆಗೆ ಎಳೆಯುವ ಬಾಗಿಲಾದರೆ ಹಿಂದಿನವರು ಒತ್ತಿದಾಗ ಮುಂದಿದ್ದವರಿಗೆ ತೆಗೆಯಲಾಗುವುದಿಲ್ಲ. ಅದನ್ನು ಎಂಜಿನಿಯರೇ ಹೇಳಿಕೊಟ್ಟಿದ್ದರು. ಮೊದಲ ಕಲ್ಲು ಕೀಳುವಾಗ ನಾನು ಅಲ್ಲಿರಲಿಲ್ಲ. ಕಣದ ಕಡೆ ಏನೋ ಕೆಲಸವಿದೆ ಎಂದು ಹೋಗಿದ್ದೆ. ಕಿತ್ತ ಕಲ್ಲುಗಳನ್ನು ಬಾಗಿಲಿನ ಹೊರಗೆ ಮೆಟ್ಟಿಲಿಗೆ ಹಾಕಿಸಿದೆ.

ಬಾಗಿಲೇನೋ ಬಂತು. ಹಳೇ ಅಭ್ಯಾಸ ಎಲ್ಲಿ ಹೋಗುತ್ತದೆ? ವಾರದೊಳಗೆ ಅದಕ್ಕೇ ಒರಗಿಸಿ ನಾಲ್ಕು ಚೀಲ ಮೆಣಸು ಇಟ್ಟಿದ್ದೆ. ಸಂಜೆ ನೋಡಿದರೆ ಚೀಲಗಳು ಇನ್ನೊಂದು ಮೂಲೆ ಸೇರಿದ್ದವು, ನೆಲದ ಮೇಲೆ ಸೀಮೆಸುಣ್ಣದಲ್ಲಿ ದೊಡ್ಡದಾಗಿ ಬರೆದಿತ್ತು: "ತಾತ, ಇಲ್ಲಿ ಏನೂ ಇಡಬಾರದು."

ಫೈಲು ಈಗ ಹಾಸನದಲ್ಲಿದೆ. ಹಿಡಿಕೆಗಳು ಬಾಕ್ಸಿನಲ್ಲೇ ಇವೆ. ಆರಿದ್ರಾ ಶುರುವಾಗಿದೆ. ಮೊನ್ನೆ ಮೊಮ್ಮಗಳು ಕ್ಲಾಸಿನ ಐದು ಮಕ್ಕಳನ್ನು ಕರೆತಂದು, ನನ್ನನ್ನೂ ಅವಳ ಅಜ್ಜಿಯನ್ನೂ ಗೋಡೌನಿನೊಳಗೆ ನಿಲ್ಲಿಸಿ, ದೀಪ ಆರಿಸಿ, "ಬೆಂಕಿ!" ಎಂದು ಕೂಗಿದಳು. ಮೊಬೈಲಿನಲ್ಲಿ ಲೆಕ್ಕ ಹಿಡಿದಿದ್ದಳು. ಮಕ್ಕಳೆಲ್ಲ 11 ಸೆಕೆಂಡಿನಲ್ಲಿ ಮಳೆಯಲ್ಲಿದ್ದರು, ನಾನು 26ರಲ್ಲಿ. ನನ್ನ ಹೆಂಡತಿ ಮಾತ್ರ ಚಪ್ಪಲಿ ಹುಡುಕಿಕೊಂಡು ಒಂದು ನಿಮಿಷದ ಮೇಲೆ ಬಂದಳು. ನಾಳೆ ಇನ್ನೊಂದು ಸಲ ಓಡಿಸುತ್ತಾಳಂತೆ.