ಬಾಡಿಗೆಯ ಮನೆ ನೋಡಿ ಬಂದೆವು

ಹಿರಿಯರು ಕಟ್ಟಿಸಿದ ಮನೆಯನ್ನು ಬಾಡಿಗೆಗೆ ಕೊಟ್ಟು ದೂರದ ಊರಿನಲ್ಲಿ ನೆಲೆಸಿದ ಕುಟುಂಬಗಳು ನಮ್ಮಲ್ಲಿ ಅನೇಕ. ನಾವೂ ಅಂಥವರೇ. ಹುಬ್ಬಳ್ಳಿ ಸೇರಿದ ಮೇಲೆ ಕುಷ್ಟಗಿಯ ಮನೆಯೊಡನೆ ನಮ್ಮ ಸಂಬಂಧ ತಿಂಗಳ ಬಾಡಿಗೆಯಷ್ಟಕ್ಕೇ ಉಳಿದಿತ್ತು. ಮಾರಿಬಿಡುವುದೇ ಲೇಸೆಂದು ಯೋಚಿಸಿ, ಒಮ್ಮೆ ನೋಡಿ ಬರಲು ಕುಟುಂಬಸಮೇತ ಹೊರಟೆವು.

ಮೊದಲು ಕೊಪ್ಪಳ. 1997ರಲ್ಲಿ ರಾಯಚೂರಿನಿಂದ ಬೇರ್ಪಟ್ಟು ಜಿಲ್ಲಾಕೇಂದ್ರವಾದ ಈ ಊರು 'ಕವಿರಾಜಮಾರ್ಗ'ದ ಕಾಲಕ್ಕೇ ಕೊಪಣವೆಂದು ಪ್ರಸಿದ್ಧ. ಗವಿಮಠದಲ್ಲಿ ಶ್ರೀ ಗವಿಸಿದ್ಧೇಶ್ವರರ ಗದ್ದುಗೆಗೆ ನಮಸ್ಕರಿಸಿದೆವು. ಅಲ್ಲಿಯ ಬೆಟ್ಟದಲ್ಲಿ ಅಶೋಕನ ಶಾಸನವೂ ಉಂಟು.

ಗಂಗಾವತಿಯ ಕಡೆಗೆ ಸಾಗಿದಂತೆ ತುಂಗಭದ್ರಾ ಎಡದಂಡೆ ಕಾಲುವೆಯ ಕೃಪೆಯಿಂದ ಭತ್ತದ ಗದ್ದೆಗಳು. ಅಲ್ಲಿ ನಮ್ಮ ಬೀಗರ ಮಳಿಗೆಯೊಂದು ಬಾಡಿಗೆಗಿದೆ. ಅವರೂ ದೂರದಲ್ಲಿರುವವರೇ, ಆದರೆ 11 ತಿಂಗಳ ಕರಾರುಪತ್ರ, ಪಡೆದ ಹಣಕ್ಕೆಲ್ಲ ರಸೀದಿ, ವರ್ಷಕ್ಕೆರಡು ಬಾರಿ ಖುದ್ದು ಭೇಟಿ ತಪ್ಪಿಸುವುದಿಲ್ಲ. ಅವಧಿ ವರ್ಷ ಮೀರಿದರೆ 1908ರ ನೋಂದಣಿ ಕಾಯಿದೆಯಂತೆ ಪತ್ರವನ್ನು ನೋಂದಾಯಿಸಲೇಬೇಕು. "ಕಾಗದವಿದ್ದರೆ ಸಾಲದು, ಕಣ್ಣಿಂದಲೂ ನೋಡಬೇಕು" ಎಂದರು ಬೀಗರು.

ಕೊಪ್ಪಳಕ್ಕೆ ಮರಳಿ ಯಲಬುರ್ಗಾದ ಎರೆಹೊಲಗಳ ಜೋಳ, ಕಡಲೆ ನೋಡುತ್ತ ಕುಷ್ಟಗಿ ತಲುಪಿದೆವು. ಮನೆಯೊಳಗೆ ಕಾಲಿಟ್ಟರೆ ಪಡಸಾಲೆಯ ತೊಲೆ ಜಗ್ಗಿತ್ತು. ಬಾಡಿಗೆದಾರರು ಅದಕ್ಕೊಂದು ಕಂಬ ಆನಿಸಿದ್ದರು. ಮಣ್ಣಿನ ಮಾಳಿಗೆಗೆ ಮಳೆಗಾಲಕ್ಕೆ ಮುನ್ನ ಹೊಸ ಮಣ್ಣು ಹಾಕಿ ಗಟ್ಟಿ ಮಾಡಬೇಕೆಂಬುದು ನಮಗೆ ತಿಳಿಯದ್ದೇನಲ್ಲ. ಅವರು ಎರಡು ಸಲ ಫೋನು ಮಾಡಿದ್ದರು. "ಬಂದಾಗ ನೋಡೋಣ" ಎಂದಿದ್ದೆವು, ಬರಲೇ ಇಲ್ಲ. ಮಳೆಯ ರಾತ್ರಿಗಳಲ್ಲಿ ತಮ್ಮ ವೃದ್ಧ ತಾಯಿಯನ್ನು ನೆರೆಮನೆಯಲ್ಲಿ ಮಲಗಿಸಿದ್ದರಂತೆ. ಆದರೂ ಒಂದು ತಿಂಗಳ ಬಾಡಿಗೆಯೂ ತಪ್ಪಿರಲಿಲ್ಲ. ನಮ್ಮ ಹಿರಿಯರ ದೇವರ ಜಗಲಿಯಲ್ಲಿ ದೀಪ ಉರಿಯುತ್ತಿತ್ತು.

"ಮನಿ ಮಾರ್ತೀರಂತಲ್ರೀ ಯಜಮಾನ್ರ, ನಾವೆಲ್ಲಿ ಹೋಗೂನ್ರಿ?" ಎಂದು ಆ ತಾಯಿ ಕೇಳಿದಾಗ ನಮ್ಮಲ್ಲಿ ಉತ್ತರವಿರಲಿಲ್ಲ.

ಮಾರುವ ಮಾತನ್ನು ಅಲ್ಲಿಗೇ ಬಿಟ್ಟೆವು. ಬಡಿಗರನ್ನು ಕರೆಸಿ ತೊಲೆ ಬದಲಿಸಿದೆವು, ಮಾಳಿಗೆಗೆ ಮಣ್ಣು ಹಾಕಿಸಿದೆವು. ಕರಾರುಪತ್ರ ಬರೆಸಿ, ಯಾವ ದುರಸ್ತಿ ಯಾರದೆಂಬುದನ್ನೂ ಅದರಲ್ಲಿ ಕಾಣಿಸಿದೆವು. ಸಣ್ಣ ದುರಸ್ತಿಯನ್ನು ಅವರೇ ಮಾಡಿಸಿ ಬಾಡಿಗೆಯಲ್ಲಿ ಮುರಿದುಕೊಳ್ಳಬೇಕು. ದೊಡ್ಡದು ನಮ್ಮ ಹೊಣೆ.

2025ರ ಮೇ ತಿಂಗಳಿನಿಂದ ಕುಷ್ಟಗಿಗೆ ಹುಬ್ಬಳ್ಳಿಯ ರೈಲೂ ಬಂದಿದೆ. ಇನ್ನು ದೂರವೆಂಬ ನೆಪ ನಮಗೆ ಸಲ್ಲದು. ಮುಂದಿನ ಮಳೆಗಾಲಕ್ಕೆ ಮುನ್ನವೇ ಬರುತ್ತೇವೆಂದು ಆ ತಾಯಿಗೆ ಮಾತು ಕೊಟ್ಟು ಊರಿಗೆ ಮರಳಿದೆವು.