ಆರೂವರೆ ಗಂಟೆಯ ಹಾದಿಗೆ ಒಂದೇ ಬಸ್ಸು

ಜಪಾನ್ ಎಂದೊಡನೆ ಎಲ್ಲರಿಗೂ ನೆನಪಾಗುವುದು ಬುಲೆಟ್ ರೈಲು. ಅದರ ಓಡಾಟ ಶುರುವಾದದ್ದು 1964ರಲ್ಲಿ. ಅದಕ್ಕೂ ಒಂದು ವರ್ಷ ಮೊದಲೇ, 1963ರಲ್ಲಿ, ಅದೇ ದೇಶದ ಬೆಟ್ಟಗಾಡಿನಲ್ಲಿ ಒಂದು ಸಾಮಾನ್ಯ ಬಸ್ಸಿನ ಓಡಾಟವೂ ಶುರುವಾಗಿತ್ತು. ಹೊರಗಿನವರಿಗೆ ಇದರ ಪರಿಚಯ ಕಡಿಮೆ. ಆದರೆ ಆ ಬಸ್ಸು ಇಂದಿಗೂ ಓಡುತ್ತಿದೆ.

ನಾರಾ ಪ್ರಾಂತ್ಯದ ಯಾಮಾತೊ-ಯಾಗಿ ರೈಲು ನಿಲ್ದಾಣದಿಂದ ಹೊರಡುವ ಈ ಬಸ್ಸು ಕೀ ಪರ್ಯಾಯ ದ್ವೀಪವನ್ನು ಉತ್ತರದಿಂದ ದಕ್ಷಿಣಕ್ಕೆ ಹಾಯ್ದು, ಪೆಸಿಫಿಕ್ ಸಾಗರದ ದಂಡೆಯ ಶಿಂಗೂ ಪಟ್ಟಣ ಸೇರುತ್ತದೆ. ದೂರ ಸುಮಾರು 170 ಕಿಲೋಮೀಟರ್. ನಡುವೆ 160ಕ್ಕೂ ಹೆಚ್ಚು ನಿಲ್ದಾಣಗಳು. ಪ್ರಯಾಣಕ್ಕೆ ಸುಮಾರು ಆರೂವರೆ ಗಂಟೆ ಬೇಕು. ಎಕ್ಸ್‌ಪ್ರೆಸ್ ಹೆದ್ದಾರಿಯನ್ನು ಮುಟ್ಟದೆ ಸಾಮಾನ್ಯ ರಸ್ತೆಯಲ್ಲೇ ಸಾಗುವ ಜಪಾನಿನ ಬಸ್ಸುಗಳಲ್ಲಿ ಇದರದೇ ಅತಿ ಉದ್ದದ ಹಾದಿ.

ಬಸ್ಸಿನಲ್ಲಿ ಕಂಡಕ್ಟರ್ ಇಲ್ಲ. ಹತ್ತುವಾಗ ಬಾಗಿಲ ಬಳಿಯ ಪೆಟ್ಟಿಗೆಯಿಂದ ನಂಬರಿರುವ ಪುಟ್ಟ ಚೀಟಿಯೊಂದನ್ನು ತೆಗೆದುಕೊಳ್ಳಬೇಕು. ಚಾಲಕನ ತಲೆಯ ಮೇಲಿನ ಫಲಕದಲ್ಲಿ ಆ ನಂಬರಿನ ಕೆಳಗೆ ಕೊಡಬೇಕಾದ ಹಣ ಕಾಣುತ್ತದೆ. ನಿಲ್ದಾಣಗಳು ಕಳೆದಂತೆ ಅದು ಏರುತ್ತ ಹೋಗುತ್ತದೆ. ತನ್ನ ಊರಿನ ಹೆಸರು ಕೂಗಿದೊಡನೆ ಪ್ರಯಾಣಿಕ ಗುಂಡಿ ಒತ್ತಿ, ಬಸ್ಸು ನಿಂತ ಮೇಲೆ ಎದ್ದು, ಚೀಟಿ ಮತ್ತು ಚಿಲ್ಲರೆಯನ್ನು ಚಾಲಕನ ಪಕ್ಕದ ಡಬ್ಬಿಗೆ ಹಾಕಿ ಇಳಿಯುತ್ತಾನೆ. ಭಾಷೆ ಬಾರದ ಪರದೇಶಿಯೂ ಅಂಕಿ ನೋಡಿಯೇ ಲೆಕ್ಕ ಒಪ್ಪಿಸಬಹುದು.

ಗೊಜೊ ಪಟ್ಟಣ ದಾಟುತ್ತಲೇ ಬೆಟ್ಟಗಳು ಮೇಲೆದ್ದು ನಿಲ್ಲುತ್ತವೆ. ಇಲ್ಲಿಂದ ಶಿಂಗೂವರೆಗೆ ರೈಲು ಹಾಕುವ ಯೋಜನೆಯೊಂದಿತ್ತು. ಒಂದಷ್ಟು ಕೆಲಸವೂ ನಡೆದು, 1982ರಲ್ಲಿ ನಿಂತುಹೋಯಿತು. ಅಂದು ಕಟ್ಟಿದ ಕಾಂಕ್ರೀಟ್ ಕಮಾನುಗಳು ಗೊಜೊದಲ್ಲಿ ಇಂದಿಗೂ ಇವೆ. ಅವುಗಳ ಮೇಲೆ ಒಂದು ರೈಲೂ ಓಡಲಿಲ್ಲ. ಬೆಟ್ಟದ ಜನರಿಗೆ ಉಳಿದದ್ದು ಬಸ್ಸೊಂದೇ.

ಈ ಬೆಟ್ಟಗಳ ನಡುವೆ ತೊತ್ಸುಕಾವಾ ಎಂಬ ಹಳ್ಳಿಯಿದೆ. ಹೆಸರಿಗೆ ಹಳ್ಳಿಯಾದರೂ ವಿಸ್ತೀರ್ಣ 670 ಚದರ ಕಿಲೋಮೀಟರಿಗೂ ಹೆಚ್ಚು. ಜನಸಂಖ್ಯೆ ಮಾತ್ರ 2020ರ ಗಣತಿಯಂತೆ ಮೂರು ಸಾವಿರದ ಆಸುಪಾಸು. 1889ರ ಮಹಾಪೂರದಲ್ಲಿ ಮನೆ-ಗದ್ದೆ ಕಳೆದುಕೊಂಡ ಸುಮಾರು 2,500 ಮಂದಿ ದೂರದ ಹೊಕ್ಕೈಡೊಗೆ ಗುಳೆ ಹೋಗಿ, ಅಲ್ಲಿ ಹೊಸ ತೊತ್ಸುಕಾವಾ ಕಟ್ಟಿದರು. ಉಳಿದವರು ಈ ಮಣ್ಣನ್ನೇ ನೆಚ್ಚಿಕೊಂಡರು. 1864ರಲ್ಲಿ ಆರಂಭವಾದ ವಿದ್ಯಾಶಾಲೆ ಇಂದು ಪ್ರೌಢಶಾಲೆಯಾಗಿ ಇಲ್ಲೇ ನಡೆಯುತ್ತಿದೆ.

ಬಸ್ಸಿನಲ್ಲಿ ಶೌಚಾಲಯವಿಲ್ಲದ ಕಾರಣ ನಡುನಡುವೆ ವಿರಾಮ ಕೊಡುತ್ತಾರೆ. ಅಂಥ ಒಂದು ವಿರಾಮದ ಜಾಗದ ಹತ್ತಿರವೇ ತಾನಿಜೆ ತೂಗುಸೇತುವೆಯಿದೆ. ಉದ್ದ 297 ಮೀಟರ್, ಹೊಳೆಯಿಂದ ಎತ್ತರ 54 ಮೀಟರ್. ಮೊದಲು ಮರದ ದಿಮ್ಮಿಗಳ ಸೇತುವೆ ಹಾಕಿಕೊಂಡು ಹೊಳೆ ದಾಟುತ್ತಿದ್ದ ಜನ, ಪ್ರವಾಹ ಬಂದಾಗಲೆಲ್ಲ ಅದು ಕೊಚ್ಚಿಹೋಗುವುದನ್ನು ನೋಡಿ ಬೇಸತ್ತು, 1954ರಲ್ಲಿ ಮನೆಮನೆಯಿಂದ ಲಕ್ಷಗಟ್ಟಲೆ ಯೆನ್ ಕೂಡಿಸಿ ಇದನ್ನು ಕಟ್ಟಿಸಿದರು. ಆಗ ಅದು ಅವರ ಕೈಮೀರಿದ ಮೊತ್ತವೇ ಆಗಿತ್ತು.

ಈಗ ಬಸ್ಸಿನ ಸರದಿ. ಹಳ್ಳಿ ಬರಿದಾದಂತೆ ಟಿಕೆಟ್ ಹಣದಿಂದ ಖರ್ಚು ಹುಟ್ಟುವುದು ಕಷ್ಟವಾಯಿತು. ಕೇಂದ್ರ ಸರ್ಕಾರ, ಪ್ರಾಂತ್ಯ ಮತ್ತು ಸ್ಥಳೀಯ ಆಡಳಿತಗಳು ಸಹಾಯಧನ ಕೊಟ್ಟು ಹಾದಿಯನ್ನು ಉಳಿಸಿಕೊಂಡಿವೆ. 2011ರ ಸೆಪ್ಟೆಂಬರಿನ ಚಂಡಮಾರುತಕ್ಕೆ ಗುಡ್ಡ ಕುಸಿದು ರಸ್ತೆ ಮುಚ್ಚಿದಾಗಲೂ, ತೆರವಾದ ಮೇಲೆ ಬಸ್ಸು ಮತ್ತೆ ಬಂತು. ಕಾರು ಓಡಿಸಲಾಗದ ಮುದುಕರಿಗೆ ಆಸ್ಪತ್ರೆಯ ದಾರಿಯೂ, ಹರೆಯದ ಮಕ್ಕಳಿಗೆ ಹೊರಲೋಕದ ದಾರಿಯೂ ಇದೇ.

ಮುಂದೆ ಓದಿಗೋ ಕೆಲಸಕ್ಕೋ ಜಪಾನಿಗೆ ಹೋಗುವ ವಿದ್ಯಾರ್ಥಿಗಳು ಬುಲೆಟ್ ರೈಲನ್ನು ಹೇಗೂ ಹತ್ತುತ್ತಾರೆ. ಒಂದು ದಿನ ಬಿಡುವು ಮಾಡಿಕೊಂಡು ಈ ಬಸ್ಸನ್ನೂ ಹತ್ತಿದರೆ, ಕಟ್ಟಕಡೆಯ ಹಳ್ಳಿಯನ್ನು ಆ ದೇಶ ಹೇಗೆ ಕೈಬಿಡದೆ ಹಿಡಿದುಕೊಂಡಿದೆ ಎಂಬುದನ್ನು ಕಿಟಕಿಯ ಪಕ್ಕ ಕುಳಿತೇ ನೋಡಬಹುದು.